ನವೆಂಬರಿನ ಗಾಜು

ಫೋರ್ಟ್ಸ್‌ಹೈಮ್, 9 ಜನವರಿ 1983

ಪ್ರೀತಿಯ ಎದ್ಮೆ,

ಮೂರು ವರ್ಷದಿಂದ ಕ್ರಿಸ್‌ಮಸ್ ಕಾರ್ಡಿನ ಕೆಳಗೆ ಹೆಸರು ಬರೆದದ್ದು ಬಿಟ್ಟರೆ ನಿನಗೆ ನಾನು ಒಂದು ಸಾಲೂ ಬರೆದಿಲ್ಲ. ಮನಸ್ಸಿನಲ್ಲೇ ಬೈದುಕೊಂಡಿರುತ್ತೀಯ. ಇನ್ನೊಂದು ಸಲ ಬೈದು ಆಮೇಲೆ ಮುಂದೆ ಓದು.

ನನ್ನ ಕೊರಿನಾಗೆ, ನಿನ್ನ ಧರ್ಮಪುತ್ರಿಗೆ, ಹದಿನಾಲ್ಕು ತುಂಬಿತು. ಏಪ್ರಿಲ್ ಹದಿನೇಳಕ್ಕೆ ಚರ್ಚಿನಲ್ಲಿ ದೊಡ್ಡವರ ಸಾಲಿಗೆ ಸೇರುವ ಅವಳ ದೃಢೀಕರಣ. ಆ ದಿನ, ಮಗುವಿನ ಜ್ಞಾನಸ್ನಾನಕ್ಕೆ ನಿಂತ ಧರ್ಮತಾಯಿ ಕೈಗಡಿಯಾರ ಕಟ್ಟಬೇಕು ಎನ್ನುವುದು ನಿಮ್ಮೂರಲ್ಲೂ ಇದೆ, ಇಲ್ಲೂ ಇದೆ. ನೀನು ತಪ್ಪಿಸುವವಳಲ್ಲ ಎಂದು ಗೊತ್ತು, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ: ದುಬಾರಿ ಬೇಡ. ಮೂಲೆಯಂಗಡಿಯ ಕಿಟಕಿಯಲ್ಲಿ ಮೂರು ನೋಡಿಟ್ಟಿದ್ದೇನೆ. ಒಂದಕ್ಕೆ ಅಕ್ರಿಲಿಕ್ ಗಾಜು, ಎಪ್ಪತ್ತು ಮಾರ್ಕ್. ಇನ್ನೊಂದಕ್ಕೆ ಮಿನರಲ್ ಗಾಜು, ನೂರಾಹತ್ತು. ಮೂರನೆಯದು ಸಫೈರ್, ಬೆಲೆ ಕೇಳಿದ ಮೇಲೆ ಅಂಗಡಿಯಿಂದ ಹೊರಗೆ ಬಂದೆ. ಹುಡುಗಿಯ ಕೈಗೆ ಯಾವುದು ಬಾಳುತ್ತದೆ? ನಾನು ಅಲ್ಲಿ ಗಾಜಿನ ಕಾರ್ಖಾನೆಯಲ್ಲಿ ನಿನ್ನ ಪಕ್ಕ ಕೂರುತ್ತಿದ್ದಾಗ ಇದ್ದದ್ದು ಬರೀ ಅಕ್ರಿಲಿಕ್. ಮಿನರಲ್ ಬರುವ ಹೊತ್ತಿಗೆ ನಾನು ಮದುವೆಯಾಗಿ ಇತ್ತ ಬಂದಿದ್ದೆ. ಕಾರ್ಖಾನೆಯವಳ ಹಾಗೆ ಹೇಳಬೇಡ, ಅಕ್ಕನ ಹಾಗೆ ಹೇಳು.

ನನ್ನ ಕೆಲಸ ಹಾಗೇ ನಡೆದಿದೆ. ಗಡಿಯಾರ ಕಂಪನಿಯ ಕಚೇರಿಯಲ್ಲಿ ಟೈಪು ಮಾಡುವುದು, ಕಾಗದ ಜೋಡಿಸುವುದು. ನಿಮ್ಮ ಗಾಜಿನ ಪೆಟ್ಟಿಗೆಗಳು ಬಂದಾಗ ಮೇಲೆ ನಮ್ಮೂರಿನ ಹೆಸರು ಓದುತ್ತಾ ನಿಂತುಬಿಡುತ್ತೇನೆ.

ನಿನ್ನ,
ಯುಗೆತ್

*

ಲಾ ಶೋ-ದ-ಫೋಂ, 16 ಜನವರಿ 1983

ನನ್ನ ಯುಗೆತ್,

ಬೈದದ್ದು ಮುಗಿಯಿತು. ಈಗ ಬರೆಯುತ್ತೇನೆ.

ನಿನ್ನ ಪತ್ರವನ್ನು ಒಂಬತ್ತು ಗಂಟೆಯ ಕಾಫಿಗೆ ಎಲ್ಲರೆದುರು ಓದಿದೆ. ಜೋಸೆತ್ ಹೇಗಿದ್ದಾಳೆಂದು ಗೊತ್ತಲ್ಲ, ಕಪ್ಪು ಕೆಳಗಿಡದೆ ಶುರು ಮಾಡಿದಳು: "ಹನ್ನೊಂದು ವರ್ಷ ಈ ಬೆಂಚಲ್ಲಿ ಕೂತು ಗಾಜು ಒರೆಸಿದೋಳಿಗೆ ಈಗ ಗಾಜು ಯಾವುದು ಅಂತ ಗೊತ್ತಾಗ್ತಿಲ್ವಂತೆ! ಜರ್ಮನಿ ನೀರಲ್ಲಿ ಏನಿದೆಯೋ." ನಾನು, "ಸುಮ್ನಿರೇ, ನೆನಪಾಗಿ ಬರ್ದಿದಾಳೆ, ಅಷ್ಟು ಸಾಲ್ದಾ?" ಎಂದೆ. ಪಾರೆಲ್ ಯಜಮಾನರು ಬಾಗಿಲಲ್ಲಿ ನಿಂತಿದ್ದರು. "ಬರೀರಮ್ಮ, ಚೆನ್ನಾಗಿ ಬರೀರಿ. ಅವಳ ಕಂಪನಿ ದೆಸೆಯಿಂದ ನಮ್ಮ ಒಲೆ ಉರೀತಿದೆ" ಎಂದರು.

ಅದು ತಮಾಷೆಯಲ್ಲ. ನಮ್ಮ ಬೀದಿಯಲ್ಲಿ ಐದು ಕಾರ್ಖಾನೆ ಮುಚ್ಚಿವೆ. ಇಡೀ ಊರಿಗೆ ಗಡಿಯಾರದ ಸಣ್ಣ ಮುಳ್ಳುಗಳನ್ನು ಮಾಡುತ್ತಿದ್ದವರ ಮಹಡಿಯಲ್ಲಿ ಈಗ ಪೀಠೋಪಕರಣ ಮಾರುತ್ತಾರೆ. ನಾವು ಹತ್ತೊಂಬತ್ತು ಜನ ಉಳಿದಿದ್ದೇವೆ. ತಿಂಗಳಿಗೆ ಹೋಗುವ ಗಾಜಿನಲ್ಲಿ ಮೂರರಲ್ಲಿ ಎರಡು ಪಾಲು ನಿಮ್ಮ ಕಂಪನಿಗೆ. ನಿಮ್ಮವರು ಒಂದು ದಿನ ಬೇಡ ಎಂದರೆ ಮಾರನೆಯ ದಿನ ನಾವು ಕಿಟಕಿ ಮುಚ್ಚಬೇಕು.

ಈಗ ಗಾಜು. ಮೊದಲು ಸಫೈರ್. ಹೆಸರು ನೀಲಮಣಿ, ಬಣ್ಣ ಮಾತ್ರ ಇಲ್ಲ. ವಜ್ರ ಬಿಟ್ಟರೆ ಅದನ್ನು ಗೀರುವಂಥದ್ದು ಮನೆಯಲ್ಲಿ ಏನೂ ಸಿಗುವುದಿಲ್ಲ. ಆದರೆ ಕಬ್ಬಿಣದ ಕಂಬಿಗೆ ಅಂಚು ತಗುಲಿದರೆ ಚೂರಾಗುತ್ತದೆ. ಗಡಿಯಾರಕ್ಕಿಂತ ಗಾಜಿಗೇ ಹೆಚ್ಚು ಕೊಟ್ಟ ಹಾಗಾಗುತ್ತದೆ, ಬೇಡ. ಯಾರಾದರೂ ಅಗ್ಗಕ್ಕೆ ಸಫೈರ್ ಎಂದು ಕೊಡಲು ಬಂದರೆ ಒಂದು ಹನಿ ನೀರು ಬಿಟ್ಟು ನೋಡು. ಸಫೈರ್ ಮೇಲೆ ಹನಿ ಮುತ್ತಿನ ಹಾಗೆ ದುಂಡಗೆ ಕೂತಿರುತ್ತದೆ, ಗಾಜಿನ ಮೇಲೆ ಹರಡಿಕೊಳ್ಳುತ್ತದೆ. ತುಟಿಗೆ ಒತ್ತಿದರೂ ಗೊತ್ತಾಗುತ್ತದೆ, ಗಾಜಿಗಿಂತ ತಣ್ಣಗಿರುತ್ತದೆ.

ಮಿನರಲ್ ಎಂದರೆ ಕಿಟಕಿಯ ಗಾಜಿನ ಜಾತಿಯದೇ, ಹದ ಮಾಡಿದ್ದು. ಬೀಗದ ಕೈಗೆ ಜಗ್ಗುವುದಿಲ್ಲ. ಬೀದಿಯ ಧೂಳಿನಲ್ಲಿ ಮರಳಿನ ಕಣ ಇರುತ್ತದೆ ನೋಡು, ಅದು ಇದಕ್ಕಿಂತ ಗಟ್ಟಿ. ವರ್ಷ ಎರಡು ವರ್ಷದಲ್ಲಿ ಕೂದಲೆಳೆಯಂಥ ಗೀರು ಬೀಳುತ್ತದೆ, ಉಜ್ಜಿದರೆ ಹೋಗುವುದಿಲ್ಲ.

ಅಕ್ರಿಲಿಕ್ ನಿನಗೆ ಗೊತ್ತಿರುವುದೇ. ಅಡುಗೆಮನೆಯ ಮೇಜು ತಗುಲಿದರೂ ಗೀರುತ್ತದೆ. ಆದರೆ ಮೂರನೇ ಮಹಡಿಯಿಂದ ಬಿದ್ದರೂ ಒಡೆಯುವುದಿಲ್ಲ, ಗೀರನ್ನು ಮನೆಯಲ್ಲೇ ಉಜ್ಜಿ ತೆಗೆಯಬಹುದು. ಹದಿನಾಲ್ಕರ ಹುಡುಗಿ ಸೈಕಲ್ಲಿನಿಂದ ಬೀಳುತ್ತಾಳೆ, ಗೋಡೆಗೆ ಒರಗುತ್ತಾಳೆ, ಸಿಟ್ಟು ಬಂದರೆ ಬಿಚ್ಚಿ ಎಸೆಯುತ್ತಾಳೆ. ಅವಳಿಗೆ ಅಕ್ರಿಲಿಕ್ಕೇ ಸರಿ.

ನೀನು ಕೊಳ್ಳಬೇಡ. ಆರಿಸುವುದು ನಿನ್ನದು, ಕೊಡಿಸುವುದು ನನ್ನದು.

ಇನ್ನೂ ಬರೆ. ಮನೆಗೆ ಬಂದಾಗ ಡಬ್ಬಿಯಲ್ಲಿ ಪತ್ರ ಇರುವುದು ಎಷ್ಟು ಚೆಂದ ಎನ್ನುವುದು ಮರೆತುಹೋಗಿತ್ತು.

ನಿನ್ನ ಎದ್ಮೆ

*

ಫೋರ್ಟ್ಸ್‌ಹೈಮ್, 24 ಜನವರಿ 1983

ಪ್ರೀತಿಯ ಎದ್ಮೆ,

ಅಕ್ರಿಲಿಕ್ ಎಂದದ್ದಕ್ಕೆ ಕೊರಿನಾ ಮುಖ ಊದಿಸಿಕೊಂಡಳು. "ಅಮ್ಮಾ, ಅದು ಪ್ಲಾಸ್ಟಿಕ್! ಕ್ಲಾಸಲ್ಲಿ ಎಲ್ರೂ ನಗ್ತಾರೆ" ಎನ್ನುತ್ತಾಳೆ. ಅವಳಿಗೆ ಮಿನರಲ್ಲೇ ಬೇಕು. ಅಂಗಡಿಯವನು ಆ ಗಡಿಯಾರ ನಮ್ಮ ಕಂಪನಿಯಲ್ಲೇ ಜೋಡಿಸಿದ್ದು, ಗಾಜು ನಿಮ್ಮಲ್ಲಿಂದ ಬಂದದ್ದು ಎಂದ. ಅದು ಕೇಳಿ ಖುಷಿಯಾಯಿತು.

ಒಂದೇ ಅನುಮಾನ. ಇಲ್ಲಿ ಯಾರೋ ಹೇಳಿದರು, ಈ ಚಳಿಗಾಲದಲ್ಲಿ ಕೆಲವು ಗಾಜುಗಳು ಅಂಚಿನಿಂದ ಬಿರುಕು ಬಿಟ್ಟಿವೆಯಂತೆ. ಸುಳ್ಳೂ ಇರಬಹುದು. ನಿಮ್ಮ ಗಾಜು ಎಲ್ಲ ಒಂದೇ ಸಮ ಇರುತ್ತದೆಯೇ, ಅಥವಾ ಇಂಥ ತಿಂಗಳಿನದು ಬೇಡ ಎನ್ನುವಂಥದ್ದು ಇದೆಯೇ? ನಿನ್ನ ಧರ್ಮಪುತ್ರಿಯ ಕೈಗೆ ಕಟ್ಟುವುದು, ಅದಕ್ಕೆ ಕೇಳುತ್ತಿದ್ದೇನೆ. ನಮ್ಮಿಬ್ಬರ ನಡುವೆಯೇ ಇರಲಿ.

ಅಮ್ಮನ ಸಮಾಧಿಯ ಕಡೆ ಹೋಗಿದ್ದೆಯಾ? ಹಿಮ ತುಂಬಾ ಬಿದ್ದಿದೆಯೆಂದು ರೇಡಿಯೋದಲ್ಲಿ ಹೇಳಿದರು.

ನಿನ್ನ,
ಯುಗೆತ್

*

ಲಾ ಶೋ-ದ-ಫೋಂ, 1 ಫೆಬ್ರವರಿ 1983

ನನ್ನ ಯುಗೆತ್,

ಭಾನುವಾರ ಸಮಾಧಿಗೆ ಹೋಗಿದ್ದೆ. ಸೊಂಟದ ತನಕ ಹಿಮ. ಕಲ್ಲಿನ ಮೇಲಿನ ಹೆಸರು ಕಾಣುವಷ್ಟು ಕೈಯಿಂದ ಸರಿಸಿ ಬಂದೆ. ಶರತ್ಕಾಲದಲ್ಲಿ ನಾನು ನೆಟ್ಟ ಹೀದರ್ ಗಿಡ ಒಳಗೆ ಬದುಕಿದೆ. ನಿನ್ನಮ್ಮ ಸಾಯುವ ವಾರ ನನ್ನ ಕೈ ಹಿಡಿದು, "ಅವಳಿಗೆ ಅಲ್ಲಿ ಯಾರೂ ಇಲ್ಲ ಕಣೇ, ನೀನು ಇರು" ಎಂದಿದ್ದರು. ಆಗ ನಿನಗೆ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ನೀನು ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡುತ್ತೇನೆ. ಇನ್ನು ಯಾರು ಕೇಳಿದ್ದರೂ ಕೊಡುತ್ತಿರಲಿಲ್ಲ.

ಮಿನರಲ್ ಗಾಜನ್ನು ಹದ ಮಾಡುವುದು ಕಾದು ಕರಗಿದ ಉಪ್ಪಿನ ತೊಟ್ಟಿಯಲ್ಲಿ. ಹದಿನಾರು ಗಂಟೆ ಮುಳುಗಿರಬೇಕು, ಆಗ ಮೇಲ್ಮೈ ಬಿಗಿಯಾಗುತ್ತದೆ. ನವೆಂಬರಿನಲ್ಲಿ ನಿಮ್ಮ ಕಂಪನಿಯವರೇ ಅವಸರ ಮಾಡಿದರು. ಡಿಸೆಂಬರ್ ಐದರೊಳಗೆ ಮಾಲು ಬೇಕು, ಇಲ್ಲದಿದ್ದರೆ ಬೇರೆ ಕಡೆ ಹೋಗುತ್ತೇವೆ ಎಂದು ತಂತಿ ಮೇಲೆ ತಂತಿ. ಒಂದು ರಾಶಿಯನ್ನು ಹನ್ನೊಂದು ಗಂಟೆಗೇ ಎತ್ತಿದರು. ಉಕ್ಕಿನ ಗುಂಡು ಬೀಳಿಸಿ ನೋಡುವ ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ನಾಲ್ಕು ಒಡೆದವು. ಒಂದು ಒಡೆದರೂ ಇಡೀ ರಾಶಿ ಮತ್ತೆ ತೊಟ್ಟಿಗೆ ಹೋಗಬೇಕು, ಅದು ನಿಯಮ. ಆದರೂ ಯಾರೋ ಪಾಸಾಯಿತೆಂಬ ಚೀಟಿಗೆ ಸಹಿ ಹಾಕಿ ಪೆಟ್ಟಿಗೆ ಕಳಿಸಿಬಿಟ್ಟರು. ಬೆಚ್ಚಗಿನ ಕೋಣೆಯಲ್ಲಿ ಏನೂ ಆಗುವುದಿಲ್ಲ. ಹೊರಗೆ ಮೈನಸ್ ಹದಿನೈದಕ್ಕೆ ಇಳಿದಾಗ ಲೋಹದ ಕೇಸು ಕುಗ್ಗಿ ಅಂಚನ್ನು ಹಿಂಡುತ್ತದೆ, ಹದವಿಲ್ಲದ ಗಾಜು ಅಲ್ಲಿಂದ ಸೀಳುತ್ತದೆ.

ಅದೊಂದೇ ರಾಶಿ. ಡಿಸೆಂಬರಿನಿಂದ ಮತ್ತೆ ಹದಿನಾರು ಗಂಟೆಯೇ. ಅಂಗಡಿಯ ಗಡಿಯಾರ ವರ್ಷದ ಕೊನೆಗೆ ಜೋಡಿಸಿದ್ದಾಗಿದ್ದರೆ ಬಿಡು. ಫೆಬ್ರವರಿ ಮಾಲು ಬರುವವರೆಗೆ ಕಾಯಿ. ನನ್ನ ಮಾತು ಕೇಳುವುದಾದರೆ ಈಗಲೂ ಅಕ್ರಿಲಿಕ್ಕೇ.

ಈ ಕಾಗದ ಓದಿ ಒಲೆಗೆ ಹಾಕು.

ನಿನ್ನ ಎದ್ಮೆ

*

ಲಾ ಶೋ-ದ-ಫೋಂ, 3 ಮಾರ್ಚ್ 1983

ನನ್ನ ಯುಗೆತ್,

ಒಂದು ತಿಂಗಳು ನಿನ್ನ ಸುದ್ದಿಯಿಲ್ಲ. ಚಳಿಜ್ವರ ಇರಬಹುದು, ಕೆಲಸ ಇರಬಹುದು ಎಂದುಕೊಂಡೆ. ನಾನೇ ನಿರ್ಧಾರ ಮಾಡಿಬಿಟ್ಟೆ, ಬೈಯಬೇಡ.

ಮಾರ್ಚ್ ಒಂದು ನಮಗೆ ಗಣರಾಜ್ಯದ ರಜೆ. ಎಲ್ಲರೂ ಬಾವುಟ ನೋಡಲು ಹೋದಾಗ ನಾನು ಕೀಲಿ ಇಸಿದುಕೊಂಡು ಕಾರ್ಖಾನೆಗೆ ಹೋದೆ. ಮೇಲಿನ ಬೀದಿಯ ಮುದುಕ ರಿಪೇರಿಯವರ ಹತ್ತಿರ ಚಿಕ್ಕ ಉಕ್ಕಿನ ಗಡಿಯಾರವೊಂದಿತ್ತು. ದಿನಾ ಕೀಲಿ ಕೊಡಬೇಕು, ಬ್ಯಾಟರಿಯಿಲ್ಲ, ಡಯಲ್ಲು ಹಾಲಿನ ಬಣ್ಣ. ಗಾಜು ಹಳೆಯದಾಗಿತ್ತು, ತೆಗೆದೆ. ನಮ್ಮ ಹಳೇ ದಾಸ್ತಾನಿನ ಉಬ್ಬು ಅಕ್ರಿಲಿಕ್ ಒಂದನ್ನು ಆರಿಸಿ ಬೆಳಕಿಗೆ ಹಿಡಿದು ಮೂರು ಸಲ ನೋಡಿದೆ. ಒಂದು ಗುಳ್ಳೆ ಇಲ್ಲ. ಚಿಮುಟದಲ್ಲಿ ಹಿಂಡಿ ಕೂರಿಸಿದಾಗ ಟಕ್ ಎಂದು ಸದ್ದು ಬಂತು, ನೀನಿದ್ದರೆ ಆ ಸದ್ದು ಕೇಳಿ ತಲೆಯಾಡಿಸುತ್ತಿದ್ದೆ.

ಗಡಿಯಾರ ಬಿಚ್ಚಿದವರು ಹಿಂಬದಿ ಮುಚ್ಚಳದ ಒಳಗೆ ಸೂಜಿಯಿಂದ ಹೆಸರು, ತಾರೀಖು ಗೀಚುವುದು ನಮ್ಮವರ ವಾಡಿಕೆಯಲ್ಲವೇ? ಮುಂದೆ ಬಿಚ್ಚುವವನಿಗೆ ಮೊದಲು ಯಾರ ಕೈ ಆಡಿದೆಯೆಂದು ತಿಳಿಯಲಿ ಎಂದು. ನಾನೂ ಗೀಚಿದ್ದೇನೆ. ಕೊರಿನಾಗೆ ಹೇಳು, ಪ್ಲಾಸ್ಟಿಕ್ ಎಂದು ನಕ್ಕವರಿಗೆ ಒಂದು ಸಲ ಕಿವಿಗೆ ಹಿಡಿದು ಟಿಕ್ ಟಿಕ್ ಕೇಳಿಸಲಿ.

ಪಾರ್ಸೆಲ್ಲು ಬೇರೆಯಾಗಿ ಹಾಕಿದ್ದೇನೆ. ಹದಿನೇಳಕ್ಕೆ ನಾನೂ ಬರುತ್ತೇನೆ, ರೈಲಿನ ಹೊತ್ತು ವಿಚಾರಿಸಿದ್ದೇನೆ.

ಇಲ್ಲಿ ಯಾಕೋ ಸರಿಯಿಲ್ಲ. ಎರಡು ವಾರದಿಂದ ನಿಮ್ಮ ಕಂಪನಿಯ ಲಾರಿ ಬಂದಿಲ್ಲ. ಪೆಟ್ಟಿಗೆಗಳು ಮೆಟ್ಟಿಲ ಕೆಳಗೆ ಪೇರಿಸಿಕೊಂಡು ಕೂತಿವೆ. ಯಜಮಾನರು ಫೋನು ಮಾಡಿದರೆ ಸಂಬಂಧಪಟ್ಟವರು ಇಲ್ಲ ಎನ್ನುತ್ತಾರಂತೆ. ನಿನ್ನ ಕಚೇರಿಯಲ್ಲಿ ಏನಾದರೂ ಕಿವಿಗೆ ಬಿದ್ದರೆ ಒಂದು ಸಾಲು ಬರೆ.

ನಿನ್ನ ಎದ್ಮೆ

*

ಫೋರ್ಟ್ಸ್‌ಹೈಮ್, 13 ಮಾರ್ಚ್ 1983

ಎದ್ಮೆ,

ಗಡಿಯಾರ ತಲುಪಿತು. ಚೆನ್ನಾಗಿದೆ. ಕೊರಿನಾ ಥ್ಯಾಂಕ್ಸ್ ಹೇಳಿದ್ದಾಳೆ.

ಕಚೇರಿಯಲ್ಲಿ ನನಗೇನೂ ಗೊತ್ತಿಲ್ಲ. ಅವೆಲ್ಲ ಮೇಲಿನವರ ವಿಷಯ.

ಹದಿನೇಳರದ್ದು ತುಂಬ ಸಣ್ಣದಾಗಿ ಮಾಡುತ್ತಿದ್ದೇವೆ. ನನ್ನ ಅತ್ತೆಮನೆಯವರೇ, ಗೆರೋಲ್ಡ್‌ನ ಕಡೆಯವರೇ ಹೆಚ್ಚು. ಮನೆಗೆ ಬಣ್ಣ ಹೊಡೆಸುವುದೂ ಇದೆ, ಮಲಗಲು ಜಾಗ ಸಾಲದು. ಅಷ್ಟು ದೂರ ನೀನು ಆಯಾಸ ಮಾಡಿಕೊಳ್ಳಬೇಡ. ಬೇಸಿಗೆಯಲ್ಲಿ ನಿಧಾನವಾಗಿ ನೋಡೋಣ.

ಯುಗೆತ್

*

ಲಾ ಶೋ-ದ-ಫೋಂ, 25 ಮಾರ್ಚ್ 1983

ಶ್ರೀಮತಿ ಮೊರ್ಲಾಕ್ ಅವರಿಗೆ,

ಮಂಗಳವಾರ ಬೆಳಿಗ್ಗೆ ಪಾರೆಲ್ ಯಜಮಾನರು ನನ್ನನ್ನು ಮೇಲಕ್ಕೆ ಕರೆದರು. ಮೇಜಿನ ಮೇಲೆ ನಿಮ್ಮ ಕಂಪನಿಯ ವಕೀಲರ ಕಾಗದ ಇತ್ತು, ಅದಕ್ಕೆ ಪಿನ್ನು ಹಾಕಿದ ಒಂದು ಜೆರಾಕ್ಸ್ ಹಾಳೆ. "ಇದು ಯಾರ ಕೈಬರಹ, ಎದ್ಮೆ?" ಎಂದರು. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

ನಾನು ಫೆಬ್ರವರಿ ಒಂದರಂದು ನಿಮಗೆ ಬರೆದ ಪತ್ರ ಅದು. ಹದಿನಾರು ಗಂಟೆ, ಹನ್ನೊಂದು ಗಂಟೆ, ಇಪ್ಪತ್ತಕ್ಕೆ ನಾಲ್ಕು, ಎಲ್ಲ ಸ್ಪಷ್ಟವಾಗಿ ಇತ್ತು. ಮೇಲಿನ ಭಾಗವನ್ನೂ ಕೊನೆಯ ಸಾಲನ್ನೂ ಕಪ್ಪು ಶಾಯಿಯಿಂದ ಬಳಿದಿದ್ದರು. ಯಜಮಾನರು ಅಲ್ಲಿ ಬೆರಳಿಟ್ಟು, "ಇಲ್ಲೇನು ಬರ್ದಿದ್ದೆ? ಇನ್ನೂ ಏನೇನು ಹೇಳಿದೀಯ ಅವ್ರಿಗೆ?" ಎಂದು ಕೇಳಿದರು. ಹಿಮ, ನಿಮ್ಮ ತಾಯಿಯ ಸಮಾಧಿ, ಹೀದರ್ ಗಿಡ ಎಂದೆ. ನಂಬಲಿಲ್ಲ. ನಾನಾಗಿದ್ದರೂ ನಂಬುತ್ತಿರಲಿಲ್ಲ.

ಹಾಳೆಯ ಮೂಲೆಯಲ್ಲಿ 4 ಎಂಬ ಅಂಕಿ ಇತ್ತು. ಮೊದಲ ಮೂರು ಪುಟ ಏನೆಂದು ಅವರಿಗೂ ತಿಳಿದಿಲ್ಲ.

ವಕೀಲರ ಕಾಗದದಲ್ಲಿ ನಿಮ್ಮ ಹೆಸರೂ ಇದೆ. ಮಾಲು ಖರೀದಿ ವಿಭಾಗ, ಗಾಜು ಮತ್ತು ಕೇಸುಗಳು, ಯುಗೆತ್ ಮೊರ್ಲಾಕ್, ಕಳೆದ ಅಕ್ಟೋಬರಿನಿಂದ. ಟೈಪು ಮಾಡುತ್ತೇನೆ ಎಂದಿದ್ದಿರಿ. ಹಾಗಾದರೆ ನವೆಂಬರಿನಲ್ಲಿ ಬೇಗ ಬೇಗ ಎಂದು ಬಂದ ತಂತಿಗಳು ನಿಮ್ಮ ಮೇಜಿನಿಂದಲೇ ಹೊರಟವು.

ಆರ್ಡರು ರದ್ದಾಗಿದೆ. ಬರೀ ಆ ರಾಶಿಯದ್ದಲ್ಲ, ಇಡೀ ವರ್ಷದ್ದು. ಬೇರೆಯವರಿಗೂ ಸುದ್ದಿ ಮುಟ್ಟಿದೆ, ಗೊತ್ತಿದ್ದೂ ಕೆಟ್ಟ ಗಾಜು ಕಳಿಸುವವರು ಎಂದು. ಯಜಮಾನರು ಮಧ್ಯಾಹ್ನ ಎಲ್ಲರನ್ನೂ ನಿಲ್ಲಿಸಿ ಕಾಗದ ಓದಿದರು. ಕುಲುಮೆಯ ಮುದುಕ, "ಪತ್ರ ಬರೆಯೋಕೆ ಬರ್ದೇ ಇರೋನು ನಾನೇ ಪುಣ್ಯವಂತ" ಎಂದು ಹೇಳಿ ಕೋಟು ಹಾಕಿಕೊಂಡು ಹೊರಟುಹೋದರು. ಜೋಸೆತ್ ನನ್ನನ್ನು ಒಂದು ಮಾತು ಕೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ. ಈಗ ಕಾಫಿಯ ಹೊತ್ತಿನಲ್ಲಿ ನನ್ನ ಬೆಂಚಿನ ಪಕ್ಕ ಯಾರೂ ಕೂರುವುದಿಲ್ಲ.

ಎಂದಾದರೂ ಒಂದು ಸಲ ನೀವು ನಿಜವಾಗಿ ಗಡಿಯಾರದ ವಿಷಯ ಕೇಳಿದ್ದೇ ಆದರೆ, ಯಾವ ಸಾಲಿನಲ್ಲಿ ಎಂದು ತಿಳಿಸಿ.

ಎದ್ಮೆ ಕಾಲಾಮ್

*

ಫೋರ್ಟ್ಸ್‌ಹೈಮ್, 20 ಏಪ್ರಿಲ್ 1983

ಎದ್ಮೆ,

ಮೂರು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಸ್ವೀಡನ್ನಿನಿಂದ ಜನವರಿ ಮೊದಲ ವಾರ ಆರುನೂರು ಗಡಿಯಾರ ವಾಪಸ್ಸು ಬಂದವು, ಎಲ್ಲ ಅಂಚು ಸೀಳಿದವು. ನನ್ನ ಮೇಲಿನವರು ಕರೆದು, "ಆ ಊರಿನವಳು ನೀನೇ ತಾನೇ? ಆ ಗಾಜು ಬೇಕು ಅಂತ ಹಟ ಹಿಡಿದೋಳೂ ನೀನೇ. ಏನಾಯ್ತು ಅಂತ ತಿಳ್ಕೊಂಡು ಬಾ, ಇಲ್ಲಾ ನಿನ್ನ ಮೇಜು ಖಾಲಿ ಮಾಡು" ಎಂದರು. ಗೆರೋಲ್ಡ್‌ಗೆ ವರ್ಷದಿಂದ ಕೆಲಸವಿಲ್ಲ. ಅದನ್ನು ನಿನಗೆ ಬರೆದಿರಲಿಲ್ಲ. ಮನೆಗೆ ಬಣ್ಣ ಹೊಡೆಸಲಿಲ್ಲ, ಅದೂ ಸುಳ್ಳು.

ಆದರೆ ನೀನೂ ಸುಳ್ಳು ಬರೆದೆ. ಯಾರೋ ಸಹಿ ಹಾಕಿದರು ಎಂದು ಬರೆದೆ. ಆ ರಾಶಿಯ ಚೀಟಿ ಪೆಟ್ಟಿಗೆಯ ಜೊತೆಯೇ ಬಂದಿತ್ತು, ಡಿಸೆಂಬರಿನಿಂದ ನನ್ನ ಡ್ರಾಯರಿನಲ್ಲಿತ್ತು. ಅದರ ಮೇಲೆ ಇರುವುದು ನಿನ್ನ ಸಹಿ. ಹನ್ನೊಂದು ವರ್ಷ ಪಕ್ಕದಲ್ಲಿ ಕೂತವಳಿಗೆ ಆ ಸಹಿ ಗೊತ್ತಾಗದೆ ಇರುತ್ತದೆಯೇ? ನಿನ್ನ ಪತ್ರ ಬಂದಾಗ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತೆ. ನಾನೇ ಹಾಕಿದೆ ಎಂದು ನೀನು ಒಂದು ಮಾತು ಬರೆದಿದ್ದರೆ ಆ ಹಾಳೆಯನ್ನು ಯಾರಿಗೂ ತೋರಿಸುತ್ತಿರಲಿಲ್ಲ. ನನ್ನ ಕೆಲಸ ಹೋಗಲಿ ಎನ್ನುತ್ತಿದ್ದೆ. ನೀನು ನನ್ನನ್ನೂ ಹೊರಗಿನವಳ ಹಾಗೆ ನೋಡಿದೆ. ಆಮೇಲೆ ನಾನೂ ಹೊರಗಿನವಳ ಹಾಗೆಯೇ ನಡೆದುಕೊಂಡೆ. ಅಮ್ಮನ ವಿಷಯ ಬರೆದ ಸಾಲುಗಳನ್ನು ಬಳಿದದ್ದು ನಾನೇ, ಬೇರೆಯವರ ಕಣ್ಣಿಗೆ ಬೀಳದಿರಲಿ ಎಂದು.

ಭಾನುವಾರ ಕೊರಿನಾ ನಿನ್ನ ಗಡಿಯಾರ ಕಟ್ಟಿಕೊಂಡಳು. ಇಡೀ ದಿನ ಬಾಗಿಲ ಕಡೆಗೇ ನೋಡುತ್ತಿದ್ದಳು. "ಎದ್ಮೆ ದೊಡ್ಡಮ್ಮ ಯಾಕೆ ಬರ್ಲಿಲ್ಲ? ನೀನೇ ಬೇಡ ಅಂದ್ಯಾ?" ಎಂದು ಕೇಳಿದಳು. ನಾನು ಮೇಜಿನ ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ. ಮಾರನೆಯ ದಿನವೇ ಸೈಕಲ್ಲಿನ ಹಿಡಿಕೆಗೆ ತಗುಲಿ ಗಾಜಿನ ಮೇಲೆ ಉದ್ದಕ್ಕೆ ಗೀರು ಬಿದ್ದಿದೆ. ಅಂಗಡಿಗೆ ಒಯ್ಯಲು ಒಪ್ಪುವುದಿಲ್ಲ. ದೊಡ್ಡಮ್ಮನನ್ನೇ ಕೇಳು ಎನ್ನುತ್ತಾಳೆ. ಅದಕ್ಕಾದರೂ ಉತ್ತರ ಬರೆ.

ಯುಗೆತ್

*

ಲಾ ಶೋ-ದ-ಫೋಂ, 8 ಮೇ 1983

ಶ್ರೀಮತಿ ಮೊರ್ಲಾಕ್ ಅವರಿಗೆ,

ಸಹಿ ನನ್ನದೇ. ಯಾರೋ ಅಲ್ಲ.

ನವೆಂಬರ್ ಇಪ್ಪತ್ತೊಂಬತ್ತರ ಸಂಜೆ ನಾಲ್ಕು ಗಾಜು ಒಡೆದ ತಟ್ಟೆಯನ್ನು ಮುಂದಿಟ್ಟುಕೊಂಡು ಕೂತಿದ್ದೆ. ಪಾರೆಲ್ ಯಜಮಾನರು ಬಂದು ಪಕ್ಕದಲ್ಲಿ ನಿಂತರು. "ಗಾಜು ನೋಡ್ಬೇಡ ಎದ್ಮೆ, ನನ್ನ ಮುಖ ನೋಡಿ ಸಹಿ ಹಾಕು. ಈ ಆರ್ಡರ್ ಹೋದ್ರೆ ನಾವೆಲ್ಲ ಹೋದ ಹಾಗೇ" ಎಂದರು. ಮುಖ ನೋಡಿದೆ, ಸಹಿ ಹಾಕಿದೆ. ಇಪ್ಪತ್ತಾರು ವರ್ಷದಲ್ಲಿ ಅದೊಂದೇ ಸಲ.

ನಿಮಗೆ ಬರೆಯುವಾಗ ನಾನು ಎಂದು ಬರೆಯಲು ಕೈ ಬರಲಿಲ್ಲ. ನೀವು ನನ್ನನ್ನು ಕೀಳಾಗಿ ಕಂಡೀರಿ ಎನ್ನುವ ಭಯ. ಅದರಿಂದ ಇನ್ನೊಬ್ಬಳ ತಲೆಯ ಮೇಲೆ ಬಿತ್ತು. ಪರೀಕ್ಷೆಯ ಮೇಜಿನಲ್ಲಿ ಇರುವುದು ಇಬ್ಬರೇ. ಆವತ್ತು ಜೋಸೆತ್ ಎಲ್ಲರೆದುರು ಕೇಳಿದ್ದು ಇದು: "ಯಾರೋ ಅಂದ್ರೆ ಯಾರು, ಎದ್ಮೆ? ನಿನ್ ಬಿಟ್ರೆ ನಾನೇ ಅಲ್ವಾ?" ನಾನು ಬಾಯಿ ಬಿಡಲಿಲ್ಲ. ಯಜಮಾನರೂ ಬಿಡಲಿಲ್ಲ.

ನಿಮ್ಮ ಕಾಗದ ಬಂದ ಮರುದಿನ ಕಾಫಿಯ ಹೊತ್ತಿಗೆ ಎದ್ದು ನಿಂತು ಹೇಳಿದೆ. ಜೋಸೆತ್, "ಗೊತ್ತಿತ್ತು ಕಣೇ. ನಿನ್ನ ಬಾಯಿಂದ್ಲೇ ಬರ್ಲಿ ಅಂತ ಕಾಯ್ತಿದ್ದೆ. ಕುಡಿ, ಆರಿಹೋಗುತ್ತೆ" ಎಂದು ಕಪ್ಪು ನನ್ನ ಕಡೆ ತಳ್ಳಿದಳು. ಕ್ಷಮಿಸಿದ್ದಾಳೆ ಎಂದು ಅರ್ಥವಲ್ಲ. ಆದರೆ ಪಕ್ಕದಲ್ಲಿ ಕೂತಳು.

ಇಷ್ಟು ನನ್ನ ತಪ್ಪು. ಇನ್ನು ನಿಮ್ಮ ಕಾಗದ.

ಅದನ್ನು ಮೊದಲ ಸಲ ಓದಿದಾಗ ಎರಡು ದಿನ ನಿದ್ದೆ ಬರಲಿಲ್ಲ. ನಾನು ಎಂದು ಬರೆದಿದ್ದರೆ ಹತ್ತೊಂಬತ್ತು ಜನರ ಕೆಲಸ ಉಳಿಯುತ್ತಿತ್ತು, ನಾವಿಬ್ಬರೂ ಉಳಿಯುತ್ತಿದ್ದೆವು ಎಂದುಕೊಂಡೆ. ಒಂದು ಮಾತಿನಿಂದ ನಿಮ್ಮನ್ನು ಕಳೆದುಕೊಂಡೆ ಎಂದು ಅತ್ತೆ. ನಿಮ್ಮ ಬಗ್ಗೆ ಸಿಟ್ಟೂ ಹೋಗಿತ್ತು.

ಮೊನ್ನೆ ಗುರುವಾರ ಕರಾರು ಮುರಿಯುವ ಕಾಗದಗಳ ಜೊತೆ ವಕೀಲರು ಪೂರ್ತಿ ಕಡತ ಕಳಿಸಿದರು. ಯಜಮಾನರು ಅದನ್ನು ನನ್ನ ಬೆಂಚಿನ ಮೇಲೆ ಇಟ್ಟು ಹೋದರು. ಒಂದನೇ ಪುಟ ಸ್ವೀಡನ್ನಿನವರ ದೂರು. ಎರಡು ಮತ್ತು ಮೂರನೇ ಪುಟ, ನಾನು ಜನವರಿ ಹದಿನಾರರಂದು ಬರೆದ ಪತ್ರ. ಸಫೈರಿನ ಮೇಲಿನ ನೀರಿನ ಹನಿ, ಸೈಕಲ್ಲು, ಸಿಟ್ಟು ಬಂದರೆ ಬಿಚ್ಚಿ ಎಸೆಯುತ್ತಾಳೆ, ಎಲ್ಲ ಇದೆ. ಡಬ್ಬಿಯಲ್ಲಿ ಪತ್ರ ಇರುವುದು ಚೆಂದ ಎನ್ನುವ ಸಾಲೂ ಇದೆ, ಅದನ್ನು ಬಳಿದಿಲ್ಲ. ಕೆಳಗೆ ನಿಮ್ಮ ವಿಭಾಗದ ಮುದ್ರೆ, ಅದರೊಳಗೆ ತಾರೀಖು: 20 ಜನವರಿ.

ಆ ಪತ್ರದಲ್ಲಿ ನನ್ನ ಸುಳ್ಳು ಒಂದೂ ಇರಲಿಲ್ಲ. ನವೆಂಬರಿನ ಮಾತೇ ಇರಲಿಲ್ಲ. ಯಾರೋ ಎಂದು ನಾನು ಬರೆದದ್ದು ಫೆಬ್ರವರಿ ಒಂದಕ್ಕೆ. ನೀವು ನನ್ನನ್ನು ಕಡತಕ್ಕೆ ಸೇರಿಸಿ ಆಗಲೇ ಹನ್ನೆರಡು ದಿನವಾಗಿತ್ತು. ನಿಮ್ಮ ತಾಯಿಯ ಸಮಾಧಿ ವಿಚಾರಿಸಿದ ಪತ್ರದ ಮೇಲಿನ ತಾರೀಖು 24 ಜನವರಿ. ಅದೂ ಮುದ್ರೆ ಒತ್ತಿದ ಮೇಲೆಯೇ.

ಗೆರೋಲ್ಡ್ ಅವರ ಕೆಲಸದ ವಿಷಯ ನಂಬುತ್ತೇನೆ. ಮೇಜು ಖಾಲಿ ಮಾಡು ಎಂದದ್ದನ್ನೂ ನಂಬುತ್ತೇನೆ. ಅಷ್ಟನ್ನೇ ಬರೆದಿದ್ದರೆ ಸಾಕಿತ್ತು. ಅದನ್ನು ಜನವರಿಯಲ್ಲೇ ಬರೆದಿದ್ದರೆ ನಾನು ಯಜಮಾನರ ಬಳಿ ಹೋಗಿ, ಆ ರಾಶಿಯನ್ನು ನಾವೇ ವಾಪಸ್ಸು ತರಿಸಿಕೊಳ್ಳೋಣ ಎನ್ನುತ್ತಿದ್ದೆ. ಒಪ್ಪುತ್ತಿದ್ದರೋ ಇಲ್ಲವೋ ಈಗ ತಿಳಿಯುವಂತಿಲ್ಲ.

ಕಾರ್ಖಾನೆಗೆ ಜೂನ್ ಮೂವತ್ತು ಕೊನೆಯ ದಿನ. ಉಪ್ಪಿನ ತೊಟ್ಟಿ ಈಗಾಗಲೇ ತಣ್ಣಗಾಗಿದೆ. ಸಮಾಧಿಯ ಹೀದರ್ ಹೂಬಿಟ್ಟಿದೆ. ಅದಕ್ಕೆ ನೀರು ಹಾಕುವುದನ್ನು ನಾನು ಬಿಡುವುದಿಲ್ಲ, ಮಾತು ಕೊಟ್ಟದ್ದು ಅವರಿಗೆ.

ಮುಂದಿನದು ಕೊರಿನಾಗೆ. ಹರಿದು ಅವಳ ಕೈಗೆ ಕೊಡಿ.

ಕೊರಿನಾ, ಗಾಬರಿಯಾಗಬೇಡ. ಅದು ಅಕ್ರಿಲಿಕ್, ಗೀರು ಹೋಗುತ್ತದೆ. ಮೊದಲು ಗಾಜಿನ ಸುತ್ತ ಲೋಹದ ಮೇಲೆ ಅಂಟುಪಟ್ಟಿ ಹಚ್ಚು, ಸಂದಿಗೆ ಏನೂ ಇಳಿಯಬಾರದು. ಬಿಳಿ ಟೂತ್‌ಪೇಸ್ಟು ಕಡಲೆಕಾಳಿನಷ್ಟು ಸಾಕು. ಹಳೇ ಹತ್ತಿ ಬಟ್ಟೆಯಲ್ಲಿ ಅದನ್ನು ತೆಗೆದುಕೊಂಡು ಸಣ್ಣ ಸಣ್ಣ ಸುತ್ತಿನಲ್ಲಿ ಉಜ್ಜು. ಒತ್ತಬೇಡ. ಹತ್ತು ನಿಮಿಷವಾದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಕಿಟಕಿಯ ಬೆಳಕಿಗೆ ಹಿಡಿ. ಗೆರೆ ಉಳಿದಿದ್ದರೆ ಮತ್ತೆ ಹತ್ತು ನಿಮಿಷ. ಉಗುರಿಗೆ ತಗಲುವಷ್ಟು ಆಳವಾಗಿದ್ದರೆ ಇನ್ನೂ ಹೆಚ್ಚು ಹೊತ್ತು ಬೇಕಾದೀತು. ನಾನು ಬರಬೇಕೆಂದಿದ್ದೆ. ರೈಲಿನ ಹೊತ್ತೂ ಗೊತ್ತಿತ್ತು. ಇನ್ನು ಮೇಲೆ ಏನು ಕೇಳುವುದಿದ್ದರೂ ನೀನೇ ನನಗೆ ಬರೆ. ವಿಳಾಸ ಲಕೋಟೆಯ ಹಿಂದಿದೆ.

ಶ್ರೀಮತಿ ಮೊರ್ಲಾಕ್, ನಿಮಗೆ ಇನ್ನೊಂದೇ ಮಾತು. ಆ ಗಡಿಯಾರದ ಮುಚ್ಚಳದ ಒಳಗೆ ಸೂಜಿಯಿಂದ ಬರೆದದ್ದು ಹೀಗಿದೆ: ಎದ್ಮೆ ಕಾಲಾಮ್, 1-3-83. ಗಾಜನ್ನು ನಾನೇ ನೋಡಿದ್ದೇನೆ, ನಾನೇ ಕೂರಿಸಿದ್ದೇನೆ, ಸಹಿಯೂ ನನ್ನದೇ. ಅದನ್ನು ನೀವು ಯಾರಿಗೆ ಬೇಕಾದರೂ ತೋರಿಸಬಹುದು.

ಎದ್ಮೆ ಕಾಲಾಮ್